ಅಮ್ಮನ ಊಟದಲ್ಲಿ ಲೈಸಿನ್ ಸಾಲುತ್ತಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಮ್ಮನಿಗೆ 68 ವರ್ಷ, ತೂಕ 55 ಕೆಜಿ. ಮೊಟ್ಟೆ, ಮಾಂಸ ಮುಟ್ಟುವುದಿಲ್ಲ. ಎರಡು ಹೊತ್ತೂ ಅನ್ನ, ತಿಳಿಸಾರು, ನೀರುಮಜ್ಜಿಗೆ. ಲೈಸಿನ್ ಕಡಿಮೆಯಾಗುತ್ತೆ, ಮಾತ್ರೆ ಕೊಡಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಮನೆಯಲ್ಲಿ ವಯಸ್ಸಾದವರು ಇರುವವರು ಏನು ಮಾಡುತ್ತೀರಿ?

ಉತ್ತರ: ಮಾತ್ರೆಗಿಂತ ಮೊದಲು ಸಾರಿನ ಪಾತ್ರೆ ನೋಡಿ. ಪ್ರೋಟೀನ್ ಅಮೈನೋ ಆಮ್ಲಗಳಿಂದ ಆಗಿರುತ್ತೆ. ಅವುಗಳಲ್ಲಿ ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತರಲ್ಲಿ ಲೈಸಿನ್ ಒಂದು, ಊಟದಿಂದಲೇ ಬರಬೇಕು. ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲದರಲ್ಲೂ ಅದು ಕಡಿಮೆ, ಬೇಳೆಕಾಳಿನಲ್ಲಿ ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಧಾನ್ಯದಿಂದ ಸಿಗುತ್ತೆ, ಅದಕ್ಕೇ ಅನ್ನ ಹುಳಿ, ಮುದ್ದೆ ಕಾಳುಸಾರು ಒಳ್ಳೆ ಜೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 30 ಮಿಲಿಗ್ರಾಂ ಲೈಸಿನ್ ಬೇಕು. ನಿಮ್ಮ ಅಮ್ಮನಿಗೆ 1,650 ಆಯಿತು. 200 ಗ್ರಾಂ ಅಕ್ಕಿಯಿಂದ ಬರುವುದು ಸುಮಾರು 500 ಅಷ್ಟೇ. 50 ಗ್ರಾಂ ತೊಗರಿಬೇಳೆ ಸೇರಿದರೆ ಇನ್ನೊಂದು 750, ಒಂದು ದೊಡ್ಡ ಲೋಟ ಹಾಲು ಅಥವಾ ಅಷ್ಟೇ ಗಟ್ಟಿ ಮೊಸರಿನಿಂದ 600ರ ಆಸುಪಾಸು. ಲೆಕ್ಕ ತುಂಬಿತಲ್ವಾ?

ಕಷ್ಟ ಇರುವುದು ಬೇಳೆ ಅವರ ಹೊಟ್ಟೆಗೆ ಹೋಗುವುದರಲ್ಲಿ. ನಮ್ಮ ಅತ್ತೆಗೆ ದವಡೆ ಹಲ್ಲಿಲ್ಲ. ಬಸ್ಸಾರು ಮಾಡಿದ ದಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದರು, ಕಾಳು ಸೊಪ್ಪಿನ ಪಲ್ಯ ತಟ್ಟೆಯ ಅಂಚಲ್ಲೇ ಉಳಿಯುತ್ತಿತ್ತು. ಕಾಳು ಬೆಂದ ನೀರಿಗೆ ರುಚಿ ಇದೆ ನಿಜ, ಆದರೆ ಪ್ರೋಟೀನಿನ ಬಹುಪಾಲು ಬಸಿದ ಕಾಳಲ್ಲೇ ಇರುತ್ತೆ. ಈಗ ಬೇಳೆಯನ್ನೂ ಸೊಪ್ಪನ್ನೂ ಚೆನ್ನಾಗಿ ಮಸೆದು ಮಸ್ಸೊಪ್ಪು ಮಾಡುತ್ತೇವೆ, ಅವರೆಕಾಯಿ ಕಾಲದಲ್ಲಿ ಹಿತುಕಿದಬೇಳೆ ಮೆತ್ತಗೆ ಬೇಯಿಸುತ್ತೇವೆ, ಹೆಸರುಬೇಳೆ ಜಾಸ್ತಿ ಹಾಕಿ ಪೊಂಗಲ್, ಮತ್ತೆ ನುಚ್ಚಿನುಂಡೆ, ಅದಂತೂ ಪೂರ್ತಿ ಬೇಳೆ, ಹಬೆಯಲ್ಲಿ ಬೆಂದಿರುತ್ತೆ, ಅಗಿಯುವ ಕೆಲಸವೇ ಕಡಿಮೆ. ಎಲ್ಲಾ ಒಂದೇ ಹೊತ್ತಿಗೆ ತಿನ್ನಬೇಕು ಅಂತಿಲ್ಲ, ದಿನದ ಊಟದಲ್ಲಿ ಸೇರಿದರೆ ಸಾಕು.

ಉತ್ತರ: ನಾನು ಲೈಸಿನ್ ಮಾತ್ರೆ ತೆಗೆದುಕೊಂಡಿದ್ದು ಬೇರೆ ಕಾರಣಕ್ಕೆ. ತುಟಿಯ ಮೇಲೆ ಪದೇ ಪದೇ ಹರ್ಪಿಸ್ ಗುಳ್ಳೆ ಏಳುತ್ತಿತ್ತು. ಮಾತ್ರೆ ನುಂಗುವಾಗಲೂ ಎದ್ದಿದೆ, ಬಿಟ್ಟ ಮೇಲೆ ಎಷ್ಟೋ ಕಾಲ ಏಳದೆಯೂ ಇದೆ. ಅದು ಗುಳ್ಳೆ ತಡೆಯುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ಚರ್ಮದ ಡಾಕ್ಟರೂ ಹೇಳಿದರು. ನಿಮ್ಮ ಅಮ್ಮನ ವಿಷಯಕ್ಕೆ ಬಂದರೆ, ಮಾತ್ರೆ ಒಂದೇ ಒಂದು ಅಮೈನೋ ಆಮ್ಲ ಕೊಡುತ್ತೆ. ಈ ವಯಸ್ಸಲ್ಲಿ ಮಾಂಸಖಂಡ ಕರಗದಿರಲು ಒಟ್ಟು ಪ್ರೋಟೀನೇ ಬೇಕು. ಮೇಲೆ ಹೇಳಿದ 50 ಗ್ರಾಂ ಬೇಳೆಯಲ್ಲಿ 11 ಗ್ರಾಂ ಪ್ರೋಟೀನ್ ಇದೆ, ನಾರೂ ಇದೆ. ಸುಮ್ನೆ ಮಾತ್ರೆಗೆ ದುಡ್ಡು ಹಾಕಬೇಡಿ.

ಉತ್ತರ: ಕಿಡ್ನಿ ಹೇಗಿದೆ ಅಂತ ಮೊದಲು ನೋಡಿಸಿ. ನಮ್ಮ ತಂದೆಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ತ್ಯಾಜ್ಯ) ಜಾಸ್ತಿ ಇತ್ತು, ಬೇಳೆ ಎಷ್ಟು ಕೊಡಬೇಕು ಅಂತ ಡಾಕ್ಟರೇ ಅಳತೆ ಹಾಕಿಕೊಟ್ಟರು. ಅಂಥವರಿಗೆ ಲೈಸಿನ್ ಮಾತ್ರೆಯನ್ನಂತೂ ಕೇಳದೆ ಕೊಡಲೇಬೇಡಿ.

ಉತ್ತರ: ನಮ್ಮ ಕಡೆ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದರೆ ಪ್ರೋಟೀನ್ ಆಯಿತು ಅಂದುಕೊಳ್ಳುತ್ತಾರೆ. ಶೇಂಗಾದಲ್ಲಿ ಪ್ರೋಟೀನ್ ಜಾಸ್ತಿ, ಆದರೆ ಲೈಸಿನ್ ಬೇಳೆಯಷ್ಟಿಲ್ಲ. ಹಿಂಡಿ ಇರಲಿ, ಜೊತೆಗೆ ಹೆಸರುಕಾಳು ಪಲ್ಯವೋ ಕಡಲೆಹಿಟ್ಟಿನ ಝುಣಕವೋ ಮಾಡಿ. ಝುಣಕ ಸ್ವಲ್ಪ ತೆಳ್ಳಗೆ ಮಾಡಿದರೆ ಹಲ್ಲಿಲ್ಲದವರೂ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾರೆ.