ಸಮಲಿಂಗ ವಿವಾಹ ಮತ್ತು ವಲಸೆ: ಒಂದೇ ಹಾಡಿನಲ್ಲಿ ಕೂಡುತ್ತವೆಯೇ?

ಪ್ರಶ್ನೆ (ಸಾಗರದಿಂದ): ಶಿವಮೊಗ್ಗದ ನಮ್ಮ ಗೆಳೆಯರ ತಂಡ ಸಿದ್ಧಪಡಿಸುತ್ತಿರುವ ಪಾಪ್ ಗೀತೆಯೊಂದರ ಸಾಹಿತ್ಯವನ್ನು ನನಗೆ ವಹಿಸಿದ್ದಾರೆ. ತೀರ್ಥಹಳ್ಳಿ ಕಡೆಯ ಇಬ್ಬರು ಯುವತಿಯರು ದೇವಸ್ಥಾನದಲ್ಲಿ ಮಾಲೆ ಬದಲಾಯಿಸಿಕೊಳ್ಳುತ್ತಾರೆ. ಒಬ್ಬಳು ಉದ್ಯೋಗಕ್ಕಾಗಿ ಅಮೆರಿಕಕ್ಕೆ ಹೋಗುತ್ತಾಳೆ, ಇನ್ನೊಬ್ಬಳಿಗೆ ವೀಸಾ ಸಿಗುವುದಿಲ್ಲ. ಮೊದಲ ಚರಣದಲ್ಲಿ ಮದುವೆಯ ಹಕ್ಕು, ಎರಡನೆಯದರಲ್ಲಿ ವಲಸಿಗರ ಪಾಡು. ಇವು ಎರಡು ಬೇರೆ ಹಾಡುಗಳು, ಒಂದನ್ನು ಕೈಬಿಡಬೇಕು ಎಂದು ತಂಡದ ಕೆಲವರು ವಾದಿಸುತ್ತಿದ್ದಾರೆ. ಬಲ್ಲವರು ಏನೆನ್ನುತ್ತೀರಿ?

ಉತ್ತರ (ಶಿವಮೊಗ್ಗದ ವಕೀಲ): ಕಾನೂನಿನ ಪ್ರಕಾರ ಇವು ಬೇರೆಯಲ್ಲ. ಅಮೆರಿಕದ ಉದ್ಯೋಗ ವೀಸಾವಾದ ಎಚ್-1ಬಿಯಲ್ಲಿ ದುಡಿಯುವವರ ಸಂಗಾತಿಗೆ ದೊರೆಯುವ ಎಚ್-4 ವೀಸಾಕ್ಕೆ ಮದುವೆಯೇ ಆಧಾರ. ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2004ರಿಂದಲೇ ಸಮಲಿಂಗ ವಿವಾಹಗಳು ನಡೆಯುತ್ತಿದ್ದರೂ, ವಲಸೆಯು ಕೇಂದ್ರ ಸರ್ಕಾರದ ವಿಷಯವಾದ್ದರಿಂದ ಮತ್ತು 1996ರ ಕೇಂದ್ರ ಕಾಯ್ದೆಯು ಮದುವೆಯನ್ನು ಗಂಡು-ಹೆಣ್ಣಿಗೆ ಸೀಮಿತಗೊಳಿಸಿದ್ದರಿಂದ, ಅಂಥ ದಂಪತಿಗಳಿಗೆ ಈ ಸೌಲಭ್ಯ ಇರಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟ್ ವಿಂಡ್ಸರ್ ಪ್ರಕರಣದಲ್ಲಿ, 2013ರ ಜೂನ್ 26ರಂದು, ಆ ಕಲಮನ್ನು ರದ್ದುಪಡಿಸಿತು. ಆದರೂ ಮದುವೆ ನಡೆದ ಸ್ಥಳದ ಕಾನೂನು ಅದನ್ನು ಮಾನ್ಯ ಮಾಡಿರಬೇಕು. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತಾದರೂ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ವಿವಾಹದ ಮಾನ್ಯತೆಯನ್ನು ಶಾಸಕಾಂಗದ ವಿವೇಚನೆಗೆ ಬಿಟ್ಟಿತು. ಹೀಗಾಗಿ ತೀರ್ಥಹಳ್ಳಿಯಲ್ಲಿ ಬದಲಾದ ಮಾಲೆಯನ್ನು ವೀಸಾ ಅಧಿಕಾರಿ ಮದುವೆಯೆಂದು ಪರಿಗಣಿಸುವಂತಿಲ್ಲ. ನಿಮ್ಮ ಕಥೆ ಸರಿಯಾಗಿಯೇ ಇದೆ.

ಉತ್ತರ (ಕೊಪ್ಪದಿಂದ): ಹೆಣ್ಣೊಪ್ಪಿಸುವ ಹಾಡನ್ನು ಕೇಳಿ ಬೆಳೆದ ನಮಗೆ ಮದುವೆಯೂ ಊರು ಬಿಡುವುದೂ ಒಂದೇ ಹಾಡಿನಲ್ಲಿ ಬರುವುದು ಹೊಸತೇನಲ್ಲ. ಇಲ್ಲಿ ಒಪ್ಪಿಸುವವರೂ ಇಲ್ಲ, ಒಪ್ಪಿಸಿಕೊಳ್ಳುವ ಮನೆಯೂ ಇಲ್ಲ ಎಂಬುದಷ್ಟೇ ವ್ಯತ್ಯಾಸ, ಮತ್ತು ಹಾಡು ಹುಟ್ಟಬೇಕಾದದ್ದು ಅಲ್ಲಿಯೇ. ನನ್ನ ಆಕ್ಷೇಪ ಬೇರೆ. ಊರಿನಲ್ಲಿ ಉಳಿದವಳ ದುಃಖವನ್ನೇ ನೀವು ಬರೆದಂತಿದೆ. ಹೋದವಳ ವೀಸಾ ಅವಳ ಉದ್ಯೋಗಕ್ಕೆ ಕಟ್ಟುಬಿದ್ದಿರುತ್ತದೆ. ಕೆಲಸ ಹೋದರೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನಗಳಲ್ಲಿ ಬೇರೆ ದಾರಿ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಹಾಗೆ ಮರಳಿದರೆ ಯಾರ ಮನೆಗೆ ಮರಳಬೇಕು ಎಂಬ ಚಿಂತೆ ಅವಳದು. ಇನ್ನೊಂದು ಮಾತು: ಹಾಡಿನಲ್ಲಿ ಕೋರ್ಟು-ಕಲಮುಗಳು ಬೇಡ, ದಯವಿಟ್ಟು ಮಳೆಯೂ ಬೇಡ, ಮಲೆನಾಡಿನವರು ಬರೆದರೆ ಅದು ಕರೆಯದೆಯೂ ಬರುತ್ತದೆ.

ಉತ್ತರ (ಭದ್ರಾವತಿಯ ಗಾಯಕಿ): ಚರಣಗಳನ್ನು ವಿಷಯವಾರು ಹಂಚಿದ್ದರಿಂದಲೇ ಹಾಡು ಎರಡಾಗಿ ಕಾಣುತ್ತಿದೆ. ಒಂದೊಂದು ಚರಣವನ್ನು ಒಬ್ಬೊಬ್ಬಳಿಗೆ ಕೊಡಿ. ಪಲ್ಲವಿಗೆ "ಇವರು ನಿಮಗೇನಾಗಬೇಕು?" ಎಂಬ ಪ್ರಶ್ನೆ ಸಾಕು. ಮದುವೆಮನೆಯ ಅಜ್ಜಿಯೂ ಅದನ್ನೇ ಕೇಳುತ್ತಾಳೆ, ಆಸ್ಪತ್ರೆಯವರೂ ಕೇಳುತ್ತಾರೆ, ವೀಸಾ ಕೌಂಟರಿನಲ್ಲಿಯೂ ಅದೇ. ಮೊದಲೆರಡು ಸಲ ಅದನ್ನು ಕೀಬೋರ್ಡ್ ಮಾತ್ರ ಇಟ್ಟುಕೊಂಡು ಹಾಡಿಸಿ. ಡ್ರಮ್ಸ್ ಮೂರನೆಯ ಸಲಕ್ಕೆ ಬರಲಿ, ಆಗ ಇಬ್ಬರೂ ಒಟ್ಟಿಗೆ ಉತ್ತರ ಹಾಡಲಿ. ಆ ಉತ್ತರದ ಸಾಲನ್ನು ಮೊದಲು ಬರೆದುಕೊಂಡರೆ ಉಳಿದದ್ದು ಸುಲಭ.