ಎಫ್‌ಎಂ ಟ್ರಾನ್ಸ್‌ಮಿಟರ್‌ನಲ್ಲಿ ತಾಳಮದ್ದಳೆ: ಅರ್ಥದ ಕೆಳಗೆ ಸುಯ್ ಸದ್ದು, ಬಿ.ಸಿ. ರೋಡ್ ದಾಟಿದರೆ ಆಕಾಶವಾಣಿ

ಘಟ್ಟದಾಚೆ:

ಕಾರು ಹಳೆಯದು. ಸ್ಟೀರಿಯೊದಲ್ಲಿ ಸಿಡಿ ಮತ್ತು ರೇಡಿಯೊ ಮಾತ್ರ. ಹೊರಗಿನ ಪ್ಲೇಯರ್‌ನ ವೈರ್ ಸಿಕ್ಕಿಸುವ ಆಕ್ಸ್ ಇಲ್ಲ, ಯುಎಸ್‌ಬಿ ಇಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ತಂದೆಯವರಿಗೆ ದಾರಿಯುದ್ದಕ್ಕೂ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ) ಬೇಕು. ಅವರ ಸಂಗ್ರಹವೆಲ್ಲ ಒಂದು ಪುಟ್ಟ ಎಂಪಿ3 ಪ್ಲೇಯರ್‌ನಲ್ಲಿದೆ. ಲೈಟರ್ ಸಾಕೆಟ್‌ಗೆ ಸಿಕ್ಕಿಸುವ, ಪ್ಲೇಯರ್‌ನ ದನಿಯನ್ನು ಕಾರಿನ ರೇಡಿಯೊಗೆ ಪ್ರಸಾರ ಮಾಡುವ ಎಫ್‌ಎಂ ಟ್ರಾನ್ಸ್‌ಮಿಟರ್ ತಂದು, ಪ್ಲೇಯರ್‌ನಿಂದ ಅದಕ್ಕೆ ವೈರ್ ಕೊಟ್ಟಿದ್ದೇನೆ. ಪ್ಲೇಯರ್ ಚಾರ್ಜ್ ಆಗುವುದೂ ಅದರ ಯುಎಸ್‌ಬಿಯಿಂದಲೇ. ಇಟ್ಟಿರುವ ಕಂಪನಾಂಕ 100.3 ಮೆಗಾಹರ್ಟ್ಸ್.

ತೊಂದರೆ ಒಂದಲ್ಲ. ಅರ್ಥಧಾರಿ (ಪಾತ್ರದ ಮಾತು ಆಡುವವರು) ದನಿ ತಗ್ಗಿಸಿದರೆ ಕೆಳಗಿನಿಂದ ಸುಯ್ಯೆನ್ನುವ ಸದ್ದು ಏಳುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಎಂಬ ಸ್ವರ ಮೇಲೇರುತ್ತದೆ. ಮಂಗಳೂರಿಗೆ ಹತ್ತಿರದ ಬಿ.ಸಿ. ರೋಡ್ ದಾಟಿದ ಮೇಲೆ ಕರ್ಣನ ಮಾತಿನ ನಡುವೆ ವಾರ್ತೆ ಶುರುವಾಗುತ್ತದೆ! ಟ್ರಾನ್ಸ್‌ಮಿಟರ್ ಕೆಟ್ಟಿದೆಯೇ?

ಬೆಸುಗೆ:

ಕೆಟ್ಟಿಲ್ಲ. ನಿಮ್ಮದು ಮೂರು ಬೇರೆ ಬೇರೆ ರೋಗ, ಒಂದೇ ಮದ್ದು ಹುಡುಕಬೇಡಿ.

ಸುಲಭದ್ದು ಮೊದಲು. 100.3 ಮಂಗಳೂರು ಆಕಾಶವಾಣಿಯದೇ ಜಾಗ. ಒಂದೇ ಕಂಪನಾಂಕದಲ್ಲಿ ಎರಡು ಪ್ರಸಾರ ಬಂದರೆ ಎಫ್‌ಎಂ ರೇಡಿಯೊ ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ. ಬಲವಾದುದನ್ನು ಹಿಡಿದುಕೊಂಡು ಇನ್ನೊಂದನ್ನು ಅದುಮಿಬಿಡುತ್ತದೆ. ಕರ್ಣ ಸೋತದ್ದು ಹಾಗೆ. ಮೇಲಕ್ಕೆ ಸರಿಯಬೇಡಿ: ಬೆಂಗಳೂರಿನಲ್ಲಿ 101.3 ರೇನ್‌ಬೋ, 102.9 ವಿವಿಧ ಭಾರತಿ ಇವೆ. ತುತ್ತತುದಿಗೆ ಹೋದರೂ ಮಂಗಳೂರಿನಲ್ಲಿ 107.8 ರೇಡಿಯೊ ಸಾರಂಗ್ ಕೂತಿದೆ. ಖಾಸಗಿ ಕೇಂದ್ರಗಳ ಸಾಲು 91.1ರಿಂದ ಶುರು. ಆದ್ದರಿಂದ 88ರಿಂದ 90ರ ನಡುವೆ ಹುಡುಕಿ. ಟ್ರಾನ್ಸ್‌ಮಿಟರ್ ಕಿತ್ತಿಟ್ಟು ರೇಡಿಯೊ ತಿರುಗಿಸುತ್ತಾ ಹೋಗಿ. ಎಲ್ಲಿ ಬರೀ ಸಮನಾದ ಸುಯ್ ಇದೆಯೋ, ಅಕ್ಕಪಕ್ಕದ 0.2 ಕೂಡ ಖಾಲಿಯಿದೆಯೋ ಅದು ನಿಮ್ಮ ಜಾಗ. ಈ ಪರೀಕ್ಷೆಯನ್ನು ಎರಡೂ ಊರಿನಲ್ಲಿ ಮಾಡಬೇಕು. ಮಂಗಳೂರಿಗೆ ಬೇರೆ ಸಂಖ್ಯೆ ಬೇಕಾದರೆ ಅದನ್ನು ರೇಡಿಯೊದ ಎರಡನೇ ಗುಂಡಿಗೆ ಸೇವ್ ಮಾಡಿಡಿ.

ಕುಂಯ್ ಸದ್ದು ಆಲ್ಟರ್ನೇಟರ್‌ನದು (ಎಂಜಿನ್ ಜೊತೆ ತಿರುಗಿ ವಿದ್ಯುತ್ ಕೊಡುವ ಯಂತ್ರ). ಎಂಜಿನ್ ವೇಗದ ಜೊತೆ ಸ್ವರ ಏರುವುದೇ ಅದರ ಗುರುತು. ಪ್ಲೇಯರ್‌ನಿಂದ ಟ್ರಾನ್ಸ್‌ಮಿಟರ್‌ಗೆ ಹಾಡಿನ ವೈರ್ ಒಂದು, ಚಾರ್ಜಿಂಗ್ ವೈರ್ ಇನ್ನೊಂದು. ಎರಡರಲ್ಲೂ ನೆಲತಂತಿ (ಗ್ರೌಂಡ್) ಇರುವುದರಿಂದ ಒಂದು ಸುತ್ತು ಏರ್ಪಟ್ಟು, ವಿದ್ಯುತ್ತಿನ ಗಲಾಟೆ ಹಾಡಿನ ದಾರಿಗೆ ಬೀಳುತ್ತದೆ. ಹಾಡುತ್ತಿರುವಾಗಲೇ ಚಾರ್ಜಿಂಗ್ ವೈರ್ ಕೀಳಿ, ಏನಾಯಿತೆಂದು ಹೇಳಿ.

ಒಂಟಿ ಸಿಗ್ನಲ್:

ಕಾರಿನ ಮೇಲಿನ ಆಂಟೆನಾ ಕಡ್ಡಿ ಬಿಚ್ಚಿಡಿ ಸರ್. ಹೊರಗಿನ ಕೇಂದ್ರ ಬರುವುದೇ ಇಲ್ಲ, ನಿಮ್ಮದು ಮಾತ್ರ ಕೇಳುತ್ತದೆ. ಇಲ್ಲವಾದರೆ ಟ್ರಾನ್ಸ್‌ಮಿಟರ್‌ಗೆ ಬೂಸ್ಟರ್ ಹಾಕಿಸಿ.

ಬೆಸುಗೆ:

ಬೂಸ್ಟರ್ ಬೇಡ. ಪಕ್ಕದ ಕಾರಿನವರು ವಾರ್ತೆ ಕೇಳುತ್ತಿದ್ದರೆ ಅವರಿಗೆ ಕರ್ಣ ಕೇಳಿಸುತ್ತಾನೆ; ಜೊತೆಗೆ ಬಲವಾದ ಪ್ರಸಾರಕ್ಕೆ ಪರವಾನಗಿ ಬೇಕು. ಕಡ್ಡಿ ಬಿಚ್ಚಿದರೆ ಪೇಟೆಯಲ್ಲಿ ಕೆಲವೊಮ್ಮೆ ಪ್ರಯೋಜನವಾಗುವುದು ನಿಜ. ಆದರೆ ನಿಮ್ಮ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಸಹ ಕುಗ್ಗುತ್ತದೆ, ಶಿರಾಡಿಯ ಮಳೆಯಲ್ಲಿ ಬುಡದೊಳಗೆ ನೀರು ಇಳಿಯುತ್ತದೆ. ನಾನಾದರೆ ಮುಟ್ಟುವುದಿಲ್ಲ.

ಘಟ್ಟದಾಚೆ:

ಚಾರ್ಜಿಂಗ್ ವೈರ್ ಕಿತ್ತ ಕೂಡಲೇ ಕುಂಯ್ ನಿಂತಿತು. ಇನ್ನು ಪ್ಲೇಯರ್ ಅನ್ನು ಮನೆಯಲ್ಲೇ ಚಾರ್ಜ್ ಮಾಡಿ ತರುತ್ತೇನೆ. 88.7 ಎರಡೂ ಕಡೆ ಖಾಲಿಯಿತ್ತು, ಮಂಗಳೂರಿನವರೆಗೂ ಯಾರೂ ಅಡ್ಡ ಬರಲಿಲ್ಲ. ಆದರೆ ಸುಯ್ ಹಾಗೆಯೇ ಇದೆ. ಅದು ಈ ವರ್ಷ ಡ್ಯಾಶ್‌ಕ್ಯಾಮ್ ಹಾಕಿಸಿದ ಮೇಲೆ ಹೆಚ್ಚಾಯಿತು ಎಂಬುದು ತಂದೆಯವರ ಅಭಿಪ್ರಾಯ. ಕ್ಯಾಮೆರಾಕ್ಕೂ ರೇಡಿಯೊಗೂ ಏನು ಸಂಬಂಧ?

ಹಳೆರೇಡಿಯೊ:

ಮಾರಾಯರೆ, ತಂದೆಯವರ ಕಿವಿಗೆ ನಮಸ್ಕಾರ. ಇದನ್ನು ಮೊದಲೇ ಹೇಳಬಾರದಿತ್ತೇ!

ಡ್ಯಾಶ್‌ಕ್ಯಾಮ್‌ನ ಅಡಾಪ್ಟರ್ 12 ವೋಲ್ಟನ್ನು 5ಕ್ಕೆ ಇಳಿಸುವುದು ಸೆಕೆಂಡಿಗೆ ಲಕ್ಷಾಂತರ ಸಲ ವಿದ್ಯುತ್ತನ್ನು ಕಡಿದು ಜೋಡಿಸುತ್ತಾ. ಅಗ್ಗದ ಅಡಾಪ್ಟರ್‌ಗಳಲ್ಲಿ ಆ ಗದ್ದಲ ಎಫ್‌ಎಂ ಪಟ್ಟಿಯವರೆಗೂ ಚೆಲ್ಲುತ್ತದೆ. ಗಾಜಿನ ಅಂಚಿನಲ್ಲಿ ಎಳೆದ ಅದರ ಉದ್ದನೆಯ ವೈರೇ ಆಂಟೆನಾ ಆಗಿಬಿಡುತ್ತದೆ. 100 ಮೆಗಾಹರ್ಟ್ಸ್‌ನ ತರಂಗ 3 ಮೀಟರ್ ಉದ್ದ, ಅದರ ಕಾಲು ಭಾಗ, ಅಂದರೆ 75 ಸೆಂಟಿಮೀಟರ್ ವೈರ್ ಸಿಕ್ಕಿದರೂ ಅದಕ್ಕೆ ಧಾರಾಳ. ಹೀಗೆ ಗದ್ದಲದ ಮಟ್ಟ ಏರಿದಾಗ ಟ್ರಾನ್ಸ್‌ಮಿಟರ್‌ನ ಬಡಕಲು ಸಿಗ್ನಲ್ ಅದರಲ್ಲಿ ಮುಳುಗುತ್ತದೆ. ಗಟ್ಟಿಯಾಗಿ ಭಾಗವತರು ಹಾಡುವಾಗ ಗೊತ್ತಾಗದು, ಮೆಲುಮಾತಿನಲ್ಲಿ ಬಯಲಾಗುತ್ತದೆ.

ಬೇರೆ ಊರಿನ ಕ್ಷೀಣ ಕೇಂದ್ರವೊಂದನ್ನು ಹಚ್ಚಿ, ಡ್ಯಾಶ್‌ಕ್ಯಾಮ್‌ನ ಅಡಾಪ್ಟರ್ ಕೀಳಿ. ದನಿ ತಿಳಿಯಾದರೆ ಕಳ್ಳ ಸಿಕ್ಕಿದಂತೆ. ಕ್ಯಾಮೆರಾವನ್ನು ಅದರದೇ ಗುಂಡಿಯಿಂದ ಆರಿಸಿದರೆ ಸಾಲದು, ಅಡಾಪ್ಟರ್ ಕೆಲಸ ಮಾಡುತ್ತಲೇ ಇರುತ್ತದೆ.

ಘಟ್ಟದಾಚೆ:

ಹಾಸನದ 102.2 ಇಲ್ಲಿ ಏನೋ ಗೊಣಗಿದಂತೆ ಬರುತ್ತಿತ್ತು, ಅಡಾಪ್ಟರ್ ಕಿತ್ತೊಡನೆ ಮಾತು ಬಿಡಿಬಿಡಿಯಾಗಿ ಕೇಳಿಸಿತು. ತಾಳಮದ್ದಳೆಯೂ ಶುದ್ಧ. ಆದರೆ ಕ್ಯಾಮೆರಾ ಬಿಡಲಾರೆ. ಇನ್ನೊಂದು: ಸುಯ್ ಮುಚ್ಚಲೆಂದು ಪ್ಲೇಯರ್‌ನ ವಾಲ್ಯೂಮ್ ಪೂರ್ತಿ ಏರಿಸಿದ್ದೆ, ಚೆಂಡೆ ಬಿದ್ದಾಗ ದನಿ ಒಡೆಯುತ್ತಿದೆ.

ಹಳೆರೇಡಿಯೊ:

ಅಡಾಪ್ಟರ್ ಬದಲಿಸಿ, ಕ್ಯಾಮೆರಾ ಇರಲಿ. ವೈರ್‌ಗೆ ಅಡಾಪ್ಟರ್‌ನ ಹತ್ತಿರವೇ ಗದ್ದಲ ತಡೆಯುವ ಫೆರೈಟ್ ಕೋರ್ ಕಚ್ಚಿಸಿ. ಲ್ಯಾಪ್‌ಟಾಪ್ ಚಾರ್ಜರ್ ವೈರ್‌ನ ಮೇಲೆ ಉಬ್ಬಿಕೊಂಡ ಉರುಳೆ ಇರುತ್ತದಲ್ಲ, ಅದೇ. ಬಿಡಿಯಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಆಂಟೆನಾದ ವೈರ್ ಮುಂದಿನ ಗಾಜಿನ ಪಕ್ಕದ ಯಾವ ಕಂಬದೊಳಗಿನಿಂದ ಇಳಿದಿದೆಯೋ ಅದನ್ನು ಬಿಟ್ಟು ಆಚೆ ಕಂಬದ ಮೂಲಕ ಕ್ಯಾಮೆರಾದ ವೈರ್ ಎಳೆಸಿ.

ಚೆಂಡೆ ಒಡೆಯುವುದು ಟ್ರಾನ್ಸ್‌ಮಿಟರ್‌ಗೆ ಹೆಚ್ಚು ತಿನ್ನಿಸಿದ್ದರಿಂದ. ಎಫ್‌ಎಂ ಪ್ರಸಾರದಲ್ಲಿ ಹಾಡಿನ ದನಿ ಕಂಪನಾಂಕವನ್ನು 75 ಕಿಲೋಹರ್ಟ್ಸ್ ಆಚೆ, ಅಷ್ಟೇ ಈಚೆ ತೂಗಬಹುದು. ಅದನ್ನು ಮೀರಿದರೆ ರೇಡಿಯೊ ಕಕ್ಕಾಬಿಕ್ಕಿ. ಹಾಗೆಂದು ತೀರಾ ತಗ್ಗಿಸಿದರೆ ಮತ್ತೆ ಸುಯ್. ಚೆಂಡೆ ಅತಿ ಜೋರಾಗಿರುವ ಯುದ್ಧದ ಪದ್ಯ ಹಾಕಿ, ಒಡೆಯುವುದು ನಿಲ್ಲುವವರೆಗೆ ಪ್ಲೇಯರ್‌ನ ವಾಲ್ಯೂಮ್ ಇಳಿಸಿ ಅಲ್ಲೇ ಬಿಡಿ. ಉಳಿದದ್ದನ್ನು ಕಾರಿನ ಗುಂಡಿಯಲ್ಲಿ ಏರಿಸಿಕೊಳ್ಳಿ. ಪ್ಲೇಯರ್‌ನಲ್ಲಿ ಬಾಸ್ ಬೂಸ್ಟ್ ಇದ್ದರೆ ಅದನ್ನೂ ಆರಿಸಿ.