ಪದಚರ್ಚೆ: ‘ಫ್ಲಾಶಿಂಗ್’ಗೆ ಏನೆನ್ನೋಣ? ಮಾಡಿನ ಪದಗಳು ಸೋಮವಾರದೊಳಗೆ ಬೇಕು

ಪೆರ್ಲದಿಂದ, ಶುಕ್ರವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಸೋಮವಾರ ಹತ್ತು ಗಂಟೆಗೆ ಒಂದು ಅನುವಾದ ಕೊಡಲಿಕ್ಕುಂಟು. ಅಮೆರಿಕದಲ್ಲಿ ಮನೆಯ ಹಳೆ ಮಾಡು ಕಿತ್ತು ಹೊಸತು ಹಾಕಿಸುವವರಿಗಾಗಿ ಬರೆದ ಕೈಪಿಡಿ. ಮಕ್ಕಳ ಜೊತೆ ಅಲ್ಲಿರುವ ಹಿರಿಯರಿಗೂ ಓದಲಿಕ್ಕಾಗಲಿ ಅಂತ ಕನ್ನಡದಲ್ಲೂ ತರುತ್ತಾರಂತೆ. ಕೆಲಸ ಕೊಟ್ಟವರು ಯಂತ್ರದಲ್ಲಿ ಮಾಡಿಸಿದ ಅನುವಾದವೊಂದನ್ನು ಜೊತೆಗೆ ಇಟ್ಟು, ‘ಸ್ವಲ್ಪ ತಿದ್ದಿದರೆ ಆಯಿತು’ ಅಂದಿದ್ದಾರೆ. ಮೊದಲ ಪುಟದಲ್ಲೇ ‘ನಿಮ್ಮ ಮನೆಯ ಸರ್ಪಸುತ್ತು ಇಪ್ಪತ್ತು ವರ್ಷ ಬಾಳಿಕೆ ಬರುತ್ತದೆ’ ಅಂತ ಉಂಟು. ಶಿಂಗಲ್ಸ್ ಅಂದರೆ ಇಲ್ಲಿ ಮಾಡಿಗೆ ಹೊದಿಸುವ ತುಂಡುಗಳು, ಯಂತ್ರಕ್ಕೆ ಗೊತ್ತಿರುವುದು ಅದೇ ಹೆಸರಿನ ಕಾಯಿಲೆ ಮಾತ್ರ. ಫ್ಲಾಶಿಂಗ್, ಅಂದರೆ ಮಾಡಿನ ಸಂದಿಗಳಲ್ಲಿ ನೀರು ಸೋರದ ಹಾಗೆ ಕೂರಿಸುವ ಲೋಹದ ತುಂಡು, ‘ಮಿನುಗುವಿಕೆ’ ಆಗಿದೆ, ವ್ಯಾಲಿ ‘ಕಣಿವೆ’. ‘ಕಣಿವೆಯಲ್ಲಿ ಮಿನುಗುವಿಕೆಯನ್ನು ಮೊಳೆ ಹೊಡೆದು ಕೂರಿಸಿ’ ಅಂತ ಓದಿ ನಾನೂ ಅಮ್ಮನೂ ತುಂಬ ಹೊತ್ತು ನಗಾಡಿದೆವು. ಆಮೇಲೆ ತಿದ್ದಲಿಕ್ಕೆ ಕೂತಾಗ ನಗು ಬರಲಿಲ್ಲ.

ನಮ್ಮ ಮನೆಯ ಮಾಡನ್ನೂ ಹೋದ ವರ್ಷ ಬಿಚ್ಚಿ ಕಟ್ಟಿಸಿದ್ದು. ಪಕಾಸು (ಇಳಿಜಾರಿನ ಉದ್ದ ಮರ), ರೀಪು (ಅದರ ಮೇಲಿನ ಅಡ್ಡಪಟ್ಟಿ), ಹಂಚು, ಮೂಲೆಹಂಚು: ಆಚಾರಿಯವರು ಇಷ್ಟೇ ಪದದಲ್ಲಿ ಒಂದು ತಿಂಗಳ ಕೆಲಸ ಮುಗಿಸಿದರು. ಅಮೆರಿಕದ ಮಾಡಿಗೆ ಇದು ಸಾಲುವುದಿಲ್ಲ. ಪಕಾಸಿನ ಮೇಲೆ ರೀಪಿನ ಬದಲು ಇಡೀ ಪ್ಲೈವುಡ್ ಹಲಗೆ ಮುಚ್ಚುತ್ತಾರೆ, ಅದು ಡೆಕ್. ಅದರ ಮೇಲೆ ನೀರು ಇಳಿಯದ ಒಂದು ಹಾಳೆ, ಅಂಡರ್‌ಲೇಮೆಂಟ್. ಅದರ ಮೇಲೆ ಶಿಂಗಲ್. ಅಂಚಿಗೆ ಡ್ರಿಪ್ ಎಡ್ಜ್, ಎರಡು ಮಾಡು ಕೂಡುವಲ್ಲಿ ವ್ಯಾಲಿ, ತುದಿಯಲ್ಲಿ ಗಾಳಿ ಹೋಗಲು ರಿಡ್ಜ್ ವೆಂಟ್, ಸೂರಿನ ಅಡಿಗೆ ಸಾಫಿಟ್. ಇವಕ್ಕೆ ಓದುವವರ ಬಾಯಿಗೆ ಬರುವ ಪದ ಬೇಕು. ಫ್ಲಾಶಿಂಗ್ ತುರ್ತು, ಯಾಕೆಂದರೆ ಅದು ನಲ್ವತ್ತೊಂದು ಸಲ ಬರುತ್ತದೆ.

ಕುಂಬಳೆಯಿಂದ, ಶುಕ್ರವಾರ ಮಧ್ಯಾಹ್ನ

ತಂಗೀ, ‘ರೀಪು’ ಅಂತ ಬರೆದದ್ದು ನೋಡಿ ಸಂತೋಷವಾಯಿತು. ಇದನ್ನು ಇಂಗ್ಲಿಷಿನ ‘ರೀಪರ್’ನಿಂದ ಬಂದದ್ದು ಅಂತ ಹೇಳುವವರಿದ್ದಾರೆ. ತಪ್ಪು. ಪೋರ್ಚುಗೀಸಿನ ‘ರಿಪಾ’, ಅಂದರೆ ಮರದ ತೆಳು ಪಟ್ಟಿ. ಕೊಂಕಣಿ, ಮರಾಠಿಗಳಲ್ಲಿ ‘ರೀಪ್’. ಭಾರತದಲ್ಲಿದ್ದ ಇಂಗ್ಲಿಷರು ಬಳಸುತ್ತಿದ್ದ ಪದಗಳ ಕೋಶ, 1886ರ ಹಾಬ್ಸನ್-ಜಾಬ್ಸನ್, ಅದನ್ನು ಮಾಡಿದವರಿಗೇ ‘ರೀಪರ್’ ಎಲ್ಲಿಯದು ಅಂತ ತಿಳಿಯದೆ, ಹಿಂದಿ ಕೋಶಗಳಲ್ಲಿ ಇಲ್ಲ, ಮರಾಠಿ ಕೋಶದಲ್ಲಿ ‘ರೀಪ್’ ಉಂಟು ಅಂತ ಬರೆದಿಟ್ಟರು. ಅಂದರೆ ಸಾಲ ಕೊಟ್ಟದ್ದು ನಾವು, ತಕ್ಕೊಂಡದ್ದು ಇಂಗ್ಲಿಷಿನವರು. ಮೇಸ್ತ್ರಿ, ಜನೇಲು, ಚಾವಿ ಎಲ್ಲವೂ ಅದೇ ಹಡಗಿನಲ್ಲಿ ಇಳಿದದ್ದು. ಮನೆ ಕಟ್ಟುವವನ ಹೆಸರು, ಕಿಟಿಕಿಯ ಹೆಸರು, ಬೀಗ ತೆಗೆಯುವುದರ ಹೆಸರು. ಒಳಗೆ ಕೂತವರು ಮಾತ್ರ ನಾವು.

ನೀರ್ಚಾಲಿನಿಂದ, ಶುಕ್ರವಾರ ಮಧ್ಯಾಹ್ನ

ಮೇಷ್ಟ್ರೇ, ಅವರು ಕೇಳಿದ್ದು ಫ್ಲಾಶಿಂಗ್. ರೀಪು ಆ ಮಾಡಿನಲ್ಲಿ ಇಲ್ಲವೇ ಇಲ್ಲ ಅಂತ ಅವರೇ ಬರೆದಿದ್ದಾರೆ.

ಮೈಸೂರಿನಿಂದ, ಶುಕ್ರವಾರ ಸಂಜೆ

ಫ್ಲಾಶಿಂಗ್ = ಸೋರ್ತಡೆ. ಅಂಡರ್‌ಲೇಮೆಂಟ್ = ಅಡಿಹಾಸು. ಡೆಕ್ = ಮೇಲ್ಹಾಸು. ಡ್ರಿಪ್ ಎಡ್ಜ್ = ತೊಟ್ಟಂಚು. ರಿಡ್ಜ್ ವೆಂಟ್ = ಏಣ್ಗಂಡಿ. ಎಲ್ಲವೂ ಕನ್ನಡದ್ದೇ ಬೇರುಗಳು. ‘ತಗಡು’, ‘ಪಟ್ಟಿ’, ‘ಶೀಟು’ ಅಂತ ಯಾರೂ ಶುರು ಮಾಡಬೇಡಿ. ಹೊಸ ಪದಕ್ಕೆ ಮೊದಲು ನಗುತ್ತಾರೆ, ಆಮೇಲೆ ಬಳಸುತ್ತಾರೆ.

ನೀರ್ಚಾಲಿನಿಂದ, ಶುಕ್ರವಾರ ಸಂಜೆ

ಏಣ್ಗಂಡಿ ಅಂದರೆ ಸುಳ್ಯದ ಹತ್ತಿರದ ಒಂದು ಊರು ಅಂತ ಅಂದುಕೊಂಡೆ.

‘ಅಡಿಹಾಸು’ ಒಪ್ಪಿದೆ. ಉಳಿದದ್ದು ಬೇಡ. ‘ಮೇಲ್ಹಾಸು’ ಅನ್ನುವುದು ಹಂಚಿನ ಕೆಳಗೂ ಅಡಿಹಾಸಿನ ಕೆಳಗೂ ಇದ್ದರೆ ಅದು ಹೇಗೆ ಮೇಲ್ಹಾಸು? ಓದುವ ಅಜ್ಜ ಕಾಂಟ್ರಾಕ್ಟರನ ಎದುರು ನಿಂತು ‘ಮೇಲ್ಹಾಸು ಕೊಳೆತು ಕುಂಬಾಗಿದೆಯಾ ನೋಡಪ್ಪ’ ಅಂದರೆ ಅವನು ನೋಡುವುದು ಎಲ್ಲಿಗೆ?

ನ್ಯೂಜೆರ್ಸಿಯಿಂದ (ಹುಟ್ಟೂರು ಮುಳ್ಳೇರಿಯ), ಶನಿವಾರ ಬೆಳಿಗ್ಗೆ

ನಾನು ಎರಡು ವರ್ಷದ ಹಿಂದೆ ಇದನ್ನೇ ಅನುಭವಿಸಿದವನು. ಪದ ಕೊಡುವ ಮೊದಲು ಆ ವಸ್ತು ಎಂತ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ ಅಕ್ಕ, ಪದ ಅದರಿಂದಲೇ ಬಂದೀತು.

ಶಿಂಗಲ್ ಅಂದರೆ ಗಾಜಿನ ನಾರಿನ ಹಾಳೆಗೆ ಡಾಮರು ಬಳಿದು, ಮೇಲೆ ಕಲ್ಲಿನ ಹರಳು ಅಂಟಿಸಿದ್ದು. ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಬರುವ ಹಾಗೆ ಹೊಡೆಯುತ್ತಾರೆ. ಲೆಕ್ಕದಲ್ಲಿ ನಮ್ಮ ಮುಳಿಹುಲ್ಲಿನ ಮಾಡಿನ ಹೊದಿಕೆಯೇ. ಆದರೆ ನೀರು ಸೋರುವುದು ಶಿಂಗಲ್ ಇರುವಲ್ಲಿ ಕಮ್ಮಿ. ಮಾಡು ಗೋಡೆಗೆ ತಾಗುವಲ್ಲಿ, ಹೊಗೆಗೂಡಿನ ಬುಡದಲ್ಲಿ, ಕಕ್ಕಸಿನ ಗಾಳಿಕೊಳವೆ ಮಾಡನ್ನು ತೂತು ಮಾಡಿ ಮೇಲೆ ಬರುವಲ್ಲಿ, ಅಂಥ ಸಂದಿಗಳಲ್ಲಿ ಸೋರುತ್ತದೆ. ಅಲ್ಲಿ ಮಡಚಿ ಕೂರಿಸುವ ಲೋಹದ ತುಂಡೇ ಫ್ಲಾಶಿಂಗ್. ಗೋಡೆಯ ಪಕ್ಕದಲ್ಲಿ ಶಿಂಗಲಿನ ಒಂದೊಂದು ವರಸೆಗೂ ಒಂದೊಂದು ತುಂಡು, ಅರ್ಧ ಗೋಡೆಗೆ, ಅರ್ಧ ಮಾಡಿಗೆ, ಮೆಟ್ಟಿಲಿನ ಹಾಗೆ ಏರುತ್ತ ಹೋಗುತ್ತದೆ. ನನ್ನ ಮನೆಯಲ್ಲಿ ಕೆಲಸದವರು ಹಳೆಯ ಫ್ಲಾಶಿಂಗನ್ನೇ ಬಿಟ್ಟು ಹೊಸ ಶಿಂಗಲ್ ಹೊಡೆದು ಹೋದರು. ಮೊದಲ ಮಳೆಗೇ ಮಲಗುವ ಕೋಣೆಯ ಗೋಡೆಯಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ. ಅಪ್ಪ ಊರಿನಿಂದ ಬಂದಿದ್ದರು. ಕಲೆಯನ್ನು ನೋಡಿದವರೇ, ‘ಗೋಡೆ ತಗಡು ಹಾಕಲಿಲ್ಲವಾ ಇವರು?’ ಅಂತ ಕೇಳಿದರು. ಇಂಗ್ಲಿಷಿನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಇನ್ನೊಂದು: ಚಳಿಯ ಊರುಗಳಲ್ಲಿ ಐಸ್ ಡ್ಯಾಮ್ ಅಂತ ಬರುತ್ತದೆ. ಮನೆಯ ಶಾಖ ಅಟ್ಟಕ್ಕೆ ಏರಿ ಮಾಡಿನ ಮೇಲಿನ ಹಿಮ ಕರಗುತ್ತದೆ, ನೀರು ಇಳಿದು ಚಳಿಯಿರುವ ಸೂರಿನಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಹಿಂದಿನಿಂದ ಬಂದ ನೀರಿಗೆ ದಾರಿ ಇಲ್ಲ, ಶಿಂಗಲಿನ ಅಡಿಗೆ ನುಗ್ಗುತ್ತದೆ. ಅದಕ್ಕೇ ಅಂಥಲ್ಲಿ ಸೂರಿನಿಂದ ಶುರುವಾಗಿ ಹೊರಗೋಡೆಯ ಗೆರೆ ದಾಟಿ ಕನಿಷ್ಠ 24 ಇಂಚು ಒಳಗಿನವರೆಗೆ ಅಂಟುಹಾಳೆ ಬೇಕು ಅಂತ ಅಲ್ಲಿಯ ಮಾದರಿ ಕಟ್ಟಡ ನಿಯಮ. ಇದಕ್ಕೆ ಹೆಸರು ಹುಡುಕಬೇಡಿ. ಏತಡ್ಕದ ತೋಡಿನಲ್ಲಿ ಬೇಸಗೆಗೆ ನೀರು ನಿಲ್ಲಿಸಲು ಹಾಕುವುದು ಎಂತ? ಕಟ್ಟ. ಇದು ಹಿಮದ ಕಟ್ಟ.

ಪೆರ್ಲದಿಂದ, ಶನಿವಾರ ಮಧ್ಯಾಹ್ನ

ಹಿಮದ ಕಟ್ಟ! ಅದನ್ನು ಆಗಲೇ ಹಾಕಿಯಾಯಿತು. ‘ಗೋಡೆ ತಗಡು’ ಕೂಡ ಚಂದ ಉಂಟು, ಆದರೆ ಕೊಳವೆಯ ಸುತ್ತ ಇರುವುದಕ್ಕೆ ಗೋಡೆ ಇಲ್ಲವಲ್ಲ? ‘ಸಂದು ತಗಡು’ ಅಂದರೆ ಎಲ್ಲ ಕಡೆಗೂ ಹೊಂದೀತಾ?

ಹೊಸದುರ್ಗದಿಂದ (ಕಾಸರಗೋಡು ಜಿಲ್ಲೆ), ಶನಿವಾರ ಮಧ್ಯಾಹ್ನ

ಹೊಂದುತ್ತದೆ. ರಿಡ್ಜಿಗೆ ‘ಏಣು’ ಬೇಡ, ಮಲಯಾಳದ ‘ಮೋಂತಾಯ’ ತಕ್ಕೊಳ್ಳಿ. ನಮ್ಮಲ್ಲಿ ಆಚಾರಿಗಳು ಅರ್ಧಕ್ಕರ್ಧ ಮಲಯಾಳಿಗಳೇ. ಅವರ ಗಾದೆಯೇ ಉಂಟು: ‘ಮೋಂತಾಯಂ ವಳಞ್ಞಾಲ್ ಅರುಪತ್ತಿನಾಲುಂ ವಳಯುಂ’. ತುದಿಯ ಮರ ಬಾಗಿದರೆ ಅರವತ್ತನಾಲ್ಕು ಪಕಾಸೂ ಬಾಗುತ್ತವೆ. ಇಷ್ಟು ಬೆಲೆಯ ಗಾದೆ ನಮ್ಮ ಯಾವ ಏಣಿಗೆ ಉಂಟು?

ಮೈಸೂರಿನಿಂದ, ಶನಿವಾರ ಸಂಜೆ

ಇದೇ ನಾನು ಹೆದರಿದ್ದು. ಪೋರ್ಚುಗೀಸ್ ಆಯಿತು, ಈಗ ಮಲಯಾಳ. ಗಡಿಯಲ್ಲಿ ಕನ್ನಡ ಉಳಿಸುವವರೇ ಬಾಗಿಲು ತೆರೆದಿಟ್ಟರೆ ಒಳನಾಡಿನವರು ಏನು ಮಾಡಬೇಕು?

ನೀರ್ಚಾಲಿನಿಂದ, ಶನಿವಾರ ರಾತ್ರಿ

ಒಳನಾಡಿನವರು ಸುಮ್ಮನಿರಬಹುದು.

1956ರ ನವೆಂಬರ್ ಒಂದರ ಮೊದಲು ನಾವು ಕಾಸರಗೋಡಿನವರು ದಕ್ಷಿಣ ಕನ್ನಡ ಜಿಲ್ಲೆಯವರು. ಮರುದಿನ ಬೆಳಿಗ್ಗೆ ಎದ್ದಾಗ ಕೇರಳದವರು. ಮನೆಯ ಮಾಡು ಮಾತ್ರ ಅದೇ ಇತ್ತು. ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಕೆಲಸದವರ ಹತ್ತಿರ ತುಳು ಮಾತಾಡುವವನಿಗೆ ಯಾವ ಪದ ಎಲ್ಲಿಯದು ಅಂತ ಕಲಿಸಬೇಡಿ. ತುಳುವಿನಲ್ಲಿ ಹಂಚಿಗೆ ಓಡು, ಮಲಯಾಳದಲ್ಲೂ ಓಡು. ಕನ್ನಡದಲ್ಲೂ ಓಡು ಅನ್ನುವ ಪದ ಉಂಟು, ಒಡೆದ ಮಡಕೆಯ ಚೂರಿಗೆ. ಇದರಲ್ಲಿ ಯಾರು ಯಾರಿಂದ ಕದ್ದದ್ದು?

ಆದರೆ ಮೋಂತಾಯ ಬೇಡ, ಹೊಸದುರ್ಗದವರೇ. ಕಾರಣ ಬೇರೆ. ಓದುವವರಲ್ಲಿ ಹಾಸನದವರೂ ಇರುತ್ತಾರೆ, ಕಲಬುರಗಿಯವರೂ ಇರುತ್ತಾರೆ. ಅವರಿಗೆ ಆ ಗಾದೆ ಗೊತ್ತಿಲ್ಲ. ‘ನೆತ್ತಿ’ ಅನ್ನಿ. ಮಾಡಿನ ನೆತ್ತಿ. ತಲೆ ಇರುವ ಎಲ್ಲರಿಗೂ ಅರ್ಥವಾಗುತ್ತದೆ.

ಕುಂಬಳೆಯಿಂದ, ಭಾನುವಾರ ಬೆಳಿಗ್ಗೆ

ನೆತ್ತಿ ಒಳ್ಳೆಯದು. ಶಿಂಗಲ್ ವಿಷಯದಲ್ಲಿ ಒಂದು ಮಾತು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅದಕ್ಕೆ ಮೊದಲು ಹಂಚು ಅಂದರೆ ಕುಂಬಾರ ಮಾಡಿದ ಬಾಗು ಹಂಚು, ನಾಡಹಂಚು. ಯಂತ್ರದಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ವಸ್ತು ಬಂದಾಗ ನಮ್ಮವರು ಅದರ ಜರ್ಮನ್ ಹೆಸರು ಕೇಳಲಿಲ್ಲ. ಹೊಸ ಪದವನ್ನು ಹೊಸೆಯಲೂ ಇಲ್ಲ. ಹಳೆ ಹೆಸರನ್ನೇ ಅದರ ತಲೆಗೆ ಕಟ್ಟಿದರು. ಈಗ ‘ಮಂಗಳೂರು ಹಂಚು’ ಅಂತ ಲೋಕಕ್ಕೆಲ್ಲ ನಾವೇ ಮಾರಿದವರ ಹಾಗೆ ಹೇಳುತ್ತೇವೆ. ಹಾಗಾದರೆ ಡಾಮರು ಬಳಿದದ್ದು ‘ಡಾಮರು ಹಂಚು’ ಯಾಕಾಗಬಾರದು?

‘ಡಾಮರು ಹಾಳೆ’ ಅಂತ ಮಾತ್ರ ಮಾಡಬೇಡ ತಂಗೀ. ನಮ್ಮವರು ಅಡಕೆ ಹಾಳೆ ಅಂತ ತಿಳಿದಾರು.

ಪೆರ್ಲದಿಂದ, ಭಾನುವಾರ ಮಧ್ಯಾಹ್ನ

ಇದುವರೆಗೆ ಹಿಡಿದದ್ದು: ಡಾಮರು ಹಂಚು, ಅಡಿಹಾಸು, ಸಂದು ತಗಡು, ನೆತ್ತಿ, ಹಿಮದ ಕಟ್ಟ. ವ್ಯಾಲಿಗೆ ತೋಟದಲ್ಲಿ ನೀರು ಹರಿಯುವ ‘ಕಣಿ’ಯನ್ನೇ ಮಾಡಿಗೆ ಏರಿಸಿದ್ದೇನೆ, ಕಣಿವೆಯಿಂದ ತುಂಬ ದೂರವೂ ಹೋದ ಹಾಗಾಗಲಿಲ್ಲ. ಡ್ರಿಪ್ ಎಡ್ಜ್ ‘ಹನಿಪಟ್ಟಿ’. ಮೈಸೂರಿನವರು ಕ್ಷಮಿಸಬೇಕು, ತೊಟ್ಟಂಚು ಓದುವಾಗ ಮಗು ಮಲಗಿಸುವ ತೊಟ್ಟಿಲು ನೆನಪಾಯಿತು. ಡೆಕ್ ಬಾಕಿ. ‘ಮುಚ್ಚಿಗೆ’ ಅನ್ನಬಹುದಾ?

ಅಳತೆಯ ಒಂದು ಸಂಗತಿ ನೋಡಿ ಖುಷಿಯಾಯಿತು. ಅಲ್ಲಿ ಮಾಡನ್ನು ‘ಸ್ಕ್ವೇರ್’ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಸ್ಕ್ವೇರ್ ಅಂದರೆ 100 ಚದರಡಿ. ಬೆಂಗಳೂರಿನ ಮೇಸ್ತ್ರಿಗಳ ‘ಚದರ’ವೂ ಅಷ್ಟೇ! ಯಾರನ್ನೂ ಕೇಳದೆ ‘ಚದರ’ ಅಂತ ಬರೆದೆ.

ನ್ಯೂಜೆರ್ಸಿಯಿಂದ, ಭಾನುವಾರ ಸಂಜೆ

ಮುಚ್ಚಿಗೆ ಬೇಡ ಅಕ್ಕ. ಮುಚ್ಚಿಗೆ ಕೋಣೆಯಲ್ಲಿ ಮಲಗಿದವನ ಕಣ್ಣಿಗೆ ಕಾಣುವ ಹಲಗೆ, ಅಟ್ಟದ ಕೆಳಗಿನದು. ಡೆಕ್ ಅಟ್ಟದ ಮೇಲಿನದು, ಪಕಾಸಿನ ಬೆನ್ನಿಗೆ. ಹಳೆಯ ಹಂಚು ಕಿತ್ತ ಮೇಲೆಯೇ ಅದರ ಗತಿ ಗೊತ್ತಾಗುವುದು, ಅದಕ್ಕೇ ಕುಂಬಾದ ಹಲಗೆಗೆ ಶೀಟಿಗೆ ಇಷ್ಟು ಅಂತ ಬೇರೆ ದರ ಬರೆದಿರುತ್ತಾರೆ. ಅಜ್ಜಂದಿರು ಸಹಿ ಹಾಕುವ ಮೊದಲು ನೋಡಬೇಕಾದ ಸಾಲು ಅದು. ಅಲ್ಲಿ ಪದ ತಪ್ಪಿದರೆ ದುಡ್ಡು ಹೋಗುತ್ತದೆ. ‘ಹಲಗೆ ಹಾಸು’ ಅಂತ ಬರೆದುಬಿಡಿ.

ಧಾರವಾಡದಿಂದ, ಭಾನುವಾರ ರಾತ್ರಿ

ಅಲ್ರೀ, ಮೂರು ದಿವಸದಿಂದ ಓದಾಕತ್ತೇನಿ, ಒಂದ್ ಮಾತು ಕೇಳ್ತೇನಿ. ಈ ‘ಮಾಡು’ ಅಂದ್ರ ಏನು? ನಮ್ಮ ಕಡೆ ಮಾಳಿಗಿ ಅಂತೀವಿ, ಹಂಚಿನ ಮನಿ ಅಂತೀವಿ. ‘ಹೊಸ ಮಾಡು ಮಾಡಿಸುವಾಗ’ ಅಂತ ಬರದ್ರ ಅಚ್ಚಿನ ತಪ್ಪು ಅಂತ ತಿಳೀತಾರ ಜನ. ಫ್ಲಾಶಿಂಗ್ ಆಮ್ಯಾಲ ನೋಡ್ರಿ, ಮೊದಲ ಇದನ್ನ ನೋಡ್ರಿ.

ನೀರ್ಚಾಲಿನಿಂದ, ಭಾನುವಾರ ರಾತ್ರಿ

ಮಾಡು ಅಂದರೆ ಮಾಡು. ಗೊತ್ತಿಲ್ಲದವರು ಕಲಿಯಲಿ.

ಮೈಸೂರಿನಿಂದ, ಭಾನುವಾರ ರಾತ್ರಿ

ಸೋರ್ತಡೆ ಅಂದಾಗ ಈ ಮಾತು ಎಲ್ಲಿತ್ತು?

ಪೆರ್ಲದಿಂದ, ಗುರುವಾರ ಬೆಳಿಗ್ಗೆ

ಸೋಮವಾರ ಒಂಬತ್ತೂ ಐವತ್ತಕ್ಕೆ ಕಳಿಸಿದೆ. ‘ಮಾಡು’ ಹಾಗೆಯೇ ಇಟ್ಟು, ಮೊದಲ ಸಲ ಬರುವಲ್ಲಿ ‘ಮನೆಯ ಮೇಲಿನ ಇಳಿಜಾರು ಹೊದಿಕೆ’ ಅಂತ ಅರ್ಧ ಸಾಲು ಸೇರಿಸಿದ್ದೆ. ನಿನ್ನೆ ಅಚ್ಚಿಗೆ ಹೋಗುವ ಪ್ರತಿ ಬಂತು. ಸಂದು ತಗಡು, ಕಣಿ, ಹಿಮದ ಕಟ್ಟ ಎಲ್ಲ ಉಳಿದಿವೆ. ಅಲ್ಲಿ ಯಾರಿಗೋ ಧಾರವಾಡದವರ ಸಂಶಯವೇ ಬಂದಿರಬೇಕು, ಕಂಪ್ಯೂಟರಿನಲ್ಲಿ ‘ಮಾಡು’ ಅಂತ ಇದ್ದಲ್ಲೆಲ್ಲ ಒಂದೇ ಏಟಿಗೆ ‘ಮೇಲ್ಛಾವಣಿ’ ಹಾಕಿದ್ದಾರೆ.

ಈಗ ನಾಲ್ಕನೇ ಪುಟದಲ್ಲಿ ‘ತಪಾಸಣೆ ಮೇಲ್ಛಾವಣಿವಾಗ ಏಣಿಯ ಬುಡ ಗಟ್ಟಿಯಾಗಿರಲಿ’ ಅಂತ ಉಂಟು. ಒಂಬತ್ತರಲ್ಲಿ ‘ಸಹಿ ಮೇಲ್ಛಾವಣಿವ ಮೊದಲು ದರಪಟ್ಟಿ ಓದಿ’. ‘ಮಾಡಿನ ನೆತ್ತಿ’, ‘ಮಾಡಿನ ಕಣಿ’ ಮಾತ್ರ ಹಾಗೆಯೇ ಉಳಿದಿವೆ, ವಿಭಕ್ತಿ ಸೇರಿದ್ದು ಯಂತ್ರದ ಕಣ್ಣಿಗೆ ಬೀಳಲಿಲ್ಲ. ಅಂದರೆ ನಿಜವಾದ ಮಾಡುಗಳು ಹೆಚ್ಚುಕಮ್ಮಿ ಎಲ್ಲ ಮಾಡಾಗಿಯೇ ಇವೆ, ಮೇಲ್ಛಾವಣಿ ಆದದ್ದು ಕ್ರಿಯಾಪದಗಳು.

ತಿದ್ದಲಿಕ್ಕೆ ಇವತ್ತು ಸಂಜೆಯವರೆಗೆ ಸಮಯ ಕೊಟ್ಟಿದ್ದಾರೆ. ಇನ್ನೂರ ಹನ್ನೆರಡು ಕಡೆ ಉಂಟು. ಸಾಫಿಟ್‌ಗೆ ಯಾರೂ ಪದ ಕೊಡಲಿಲ್ಲ, ‘ಸೂರಡಿ ಹಲಗೆ’ ಅಂತ ನಾನೇ ಬರೆದೆ. ಆಕ್ಷೇಪ ಇರುವವರು ಆರು ಗಂಟೆಯ ಮೇಲೆ ಬರೆಯಿರಿ.